ಒಂದು ಮಡು ಬಿಟ್ಟರು, ಹೊಳೆಯೇ ತುಂಬಿತು!

ಮೀನಿನ ತೂಕ ಇಪ್ಪತ್ತಮೂರು ಪಟ್ಟು! ಓದಿದಾಗ ಅಚ್ಚಿನ ತಪ್ಪಿರಬೇಕು ಅನ್ನಿಸುತ್ತದೆ. ತಪ್ಪಲ್ಲ. ಥಾಯ್ಲೆಂಡಿನ ವಾಯವ್ಯ ಮೂಲೆ, ಮ್ಯಾನ್ಮಾರ್ ಗಡಿಯ ಗುಡ್ಡಗಾಡು. ಅಲ್ಲಿ ಹರಿಯುವ ಙಾವ್ ಹೊಳೆಯ ನೀರು ಕೊನೆಗೆ ಸೇರುವುದು ಸಾಲ್ವಿನ್ ಮಹಾನದಿಯನ್ನು. ದಂಡೆಯ ಮೇಲೆ ಕರೆನ್ ಜನರ ಊರುಗಳು. ಅನ್ನಕ್ಕೆ ಹೊಳೆ ಮೀನೇ ಜೊತೆ. ಮೀನು ಸಿಗುವುದು ಕಡಿಮೆಯಾದಾಗ, 1990ರ ದಶಕದಲ್ಲಿ, ಒಂದು ಊರಿನವರು ಕೂತು ಮಾತಾಡಿ ಕಟ್ಟು ಹಾಕಿಕೊಂಡರು: ಊರ ಮುಂದಿನ ಇಷ್ಟು ನೀರಿನಲ್ಲಿ ಯಾರೂ ಮೀನು ಹಿಡಿಯಕೂಡದು, ಹಿಡಿದರೆ ದಂಡ. ಅದರಾಚೆ ಎಂದಿನಂತೆ ಬಲೆ ಬೀಸಬಹುದು. ನೋಡಿದ ಪಕ್ಕದೂರಿನವರೂ ತಮ್ಮ ಪಾಲಿನ ಮಡು ಬಿಟ್ಟರು, ಅವರನ್ನು ಕಂಡು ಮತ್ತೊಂದು ಊರು. ಹೀಗೆ ಐವತ್ತಕ್ಕೂ ಹೆಚ್ಚು!

ಜೀವವಿಜ್ಞಾನಿ ಆರನ್ ಕೋನಿಂಗ್ ಮತ್ತು ಜೊತೆಗಾರರು ಇಂಥ 23 ತಾಣಗಳಲ್ಲಿ ಮೀನು ಲೆಕ್ಕ ಹಾಕಿದರು. ಉಸಿರುಕೊಳವೆ ಕಟ್ಟಿಕೊಂಡು, ನೀರಿನಲ್ಲಿ ಮುಖವಿಟ್ಟು, ಕಣ್ಣಾರೆ ಕಂಡು ಎಣಿಸಿದ ಲೆಕ್ಕ. 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಬಂತು. ಬಲೆ ಬೀಳುವ ಪಕ್ಕದ ನೀರಿಗಿಂತ ಕಾದಿಟ್ಟ ನೀರಿನಲ್ಲಿ ಮೀನಿನ ಜಾತಿಗಳು ಸರಾಸರಿ ಶೇ. 27 ಹೆಚ್ಚು, ಸಂಖ್ಯೆ ಶೇ. 124 ಹೆಚ್ಚು. ಒಟ್ಟು ತೂಕ? ಶೇ. 2,247 ಹೆಚ್ಚು!

ಸ್ವಲ್ಪ ತಡೆದು ಯೋಚಿಸಿ. ಸಂಖ್ಯೆ ಎರಡು ಪಟ್ಟು ದಾಟಿದ್ದು ಅಷ್ಟೆ, ತೂಕ ಮಾತ್ರ ಇಪ್ಪತ್ತಮೂರು ಪಟ್ಟು ಮೀರಿತು. ಅಂದರೆ ಅಲ್ಲಿನ ಮೀನುಗಳಿಗೆ ದೊಡ್ಡದಾಗುವಷ್ಟು ಕಾಲ ಬದುಕಲು ಸಿಕ್ಕಿದೆ! ದೊಡ್ಡ ತಾಯಿಮೀನು ಇಡುವಷ್ಟು ಮೊಟ್ಟೆ ಸಣ್ಣ ಮೀನಿಗೆ ಇಡಲಾಗದು. ನನ್ನನ್ನು ಇನ್ನೂ ಬೆರಗಾಗಿಸುವ ಸಂಗತಿ ಬೇರೆ: ಊರಿಗೆ ಹತ್ತಿರವಿದ್ದ ಮಡುಗಳೇ ಹೆಚ್ಚು ಫಲ ಕೊಟ್ಟಿವೆ. ಬಟ್ಟೆ ಒಗೆಯುವವರ, ನೀರಿಗೆ ಬರುವವರ ಕಣ್ಣೇ ಅಲ್ಲಿ ಕಾವಲು.

ಈ ಕಾವಲು ನಮಗೇನು ಹೊಸತೆ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಮಂಡಕ್ಕಿ ಎಸೆದು ನೋಡಿ. ನೀರು ಕುದಿದಂತೆ ಏಳುತ್ತದೆ, ಕಪ್ಪು ಬೆನ್ನುಗಳು ಒಂದರ ಮೇಲೊಂದು ಹೊರಳುತ್ತವೆ, ತೆರೆದ ದುಂಡು ಬಾಯಿಗಳು ಮೇಲೆ ಬರುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ಮಹಶೀರ್ ಮೀನುಗಳೂ ಹೀಗೆಯೇ ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ಅಲ್ಲಿ ವಿಷ ಹಾಕಿದರು, ಸಾವಿರಾರು ಮೀನು ಸತ್ತವು. ಜನ ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ! ಮಡುವಿನಲ್ಲಿ ಮತ್ತೆ ಮೀನು ತುಂಬಿದವು.

ತುಂಗೆಯ ಮೇಲೆಯೇ, ತೀರ್ಥಹಳ್ಳಿ ಬಳಿ ಚಿಪ್ಪಲಗುಡ್ಡೆಯಲ್ಲಿ ಇನ್ನೊಂದು ಮತ್ಸ್ಯಧಾಮವಿದೆ. ಶೃಂಗೇರಿಗೂ ಅದಕ್ಕೂ ನಡುವೆ ದಂಡೆಯಲ್ಲಿ ಎಷ್ಟು ಊರು, ಎಷ್ಟು ಮಡು! ಒಂದೊಂದು ಊರು ಒಂದೊಂದನ್ನು ಕಾದರೆ ಙಾವ್ ಹೊಳೆಯಂಥ ಸರಪಳಿ ಇಲ್ಲೂ ಆದೀತಲ್ಲ!