ಟಿವಿ ಟ್ಯೂನರ್ ಮತ್ತು ಮೀಡಿಯಾ ಸೆಂಟರ್: ಹಣ ಹೂಡುವ ಮುನ್ನ ಗಮನಿಸಬೇಕಾದ ಅಂಶಗಳು

ಕಂಪ್ಯೂಟರಿಗೆ ಟಿವಿ ಟ್ಯೂನರ್ ಎಂಬ ಪುಟ್ಟ ಸಾಧನವನ್ನು ಜೋಡಿಸಿದರೆ ಅದು ಟಿವಿಯಾಗಿಯೂ ರೆಕಾರ್ಡಿಂಗ್ ಯಂತ್ರವಾಗಿಯೂ ಕೆಲಸ ಮಾಡಬಲ್ಲದು. ರಾತ್ರಿ ಅಂಗಡಿಯ ಬಾಗಿಲು ಹಾಕಿ ಮನೆ ಸೇರುವ ವ್ಯಾಪಾರಿಗೆ ಸಂಜೆಯ ಕಾರ್ಯಕ್ರಮವನ್ನು ಬಿಡುವಿನಲ್ಲಿ ನೋಡುವ ಈ ಸೌಲಭ್ಯ ಆಕರ್ಷಕವೇ ಸರಿ. ಹೊನ್ನಾವರ, ಕರ್ಕಿ, ಹಳದೀಪುರ ಪರಿಸರದಲ್ಲಿ ವಸತಿಗೃಹ ಅಥವಾ ಹೋಂಸ್ಟೇ ನಡೆಸುವವರಿಗೂ ಇದರಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆ ಸಹಜವಾಗಿದೆ. ಉತ್ತರವು ಕಂಪ್ಯೂಟರಿನ ಶಕ್ತಿಗಿಂತ ಹೆಚ್ಚಾಗಿ ನಮ್ಮ ಊರಿಗೆ ಬರುವ ಟಿವಿ ಸಂಕೇತವು ಮುಕ್ತವೋ ಕೀಲಿಹಾಕಿದ್ದೋ ಎಂಬುದನ್ನು ಅವಲಂಬಿಸಿದೆ.

ವ್ಯವಸ್ಥೆಯ ಸ್ವರೂಪ

ಇದರಲ್ಲಿ ಮೂರು ಅಂಗಗಳಿವೆ. ಸಂಕೇತವನ್ನು ಸ್ವೀಕರಿಸುವ ಟ್ಯೂನರ್ ಮೊದಲನೆಯದು. ಅದನ್ನು ಚಿತ್ರವಾಗಿಸಿ ಡಿಸ್ಕಿನಲ್ಲಿ ಸಂಗ್ರಹಿಸುವ ಕಂಪ್ಯೂಟರ್ ಎರಡನೆಯದು. ವಾಹಿನಿಗಳ ಪಟ್ಟಿ, ಕಾರ್ಯಕ್ರಮಗಳ ವೇಳಾಪಟ್ಟಿ ಮತ್ತು ರೆಕಾರ್ಡಿಂಗ್‌ಗಳನ್ನು ರಿಮೋಟ್ ಮೂಲಕ ನಿರ್ವಹಿಸುವ ಮೀಡಿಯಾ ಸೆಂಟರ್ ತಂತ್ರಾಂಶ ಮೂರನೆಯದು. ಎರಡನೆಯ ಮತ್ತು ಮೂರನೆಯ ಅಂಗಗಳು ಎಲ್ಲೆಡೆಯೂ ಒಂದೇ. ಮೊದಲನೆಯದನ್ನು ಮಾತ್ರ ಸ್ಥಳೀಯ ಪರಿಸ್ಥಿತಿಗೆ ಅನುಗುಣವಾಗಿ ಆರಿಸಿಕೊಳ್ಳಬೇಕಾಗುತ್ತದೆ.

ನಮಗೆ ದೊರೆಯುವ ಸಂಕೇತಗಳು

ಈ ಶತಮಾನದ ಆರಂಭದಲ್ಲಿ ಮಾರಾಟವಾದ ಟ್ಯೂನರ್ ಕಾರ್ಡುಗಳಲ್ಲಿ ಬಹುತೇಕ ಅನಲಾಗ್ ಮಾದರಿಯವು. ಕೇಬಲ್ ತಂತಿಯನ್ನು ನೇರವಾಗಿ ಚುಚ್ಚಿದರೆ ಸಾಕಾಗುತ್ತಿತ್ತು. ಆದರೆ 2011ರಲ್ಲಿ ಕೇಬಲ್ ಟಿವಿ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಹಂತಹಂತವಾಗಿ ಡಿಜಿಟಲ್ ಪದ್ಧತಿ ಕಡ್ಡಾಯವಾಯಿತು. ಗ್ರಾಮೀಣ ಪ್ರದೇಶಗಳನ್ನೊಳಗೊಂಡ 4ನೆಯ ಹಂತಕ್ಕೆ 2017ರ ಮಾರ್ಚ್ 31ರ ಗಡುವು ನಿಗದಿಯಾಗಿತ್ತು. ಅಲ್ಲಿಂದೀಚೆಗೆ ಕೇಬಲ್ ಸಂಕೇತಕ್ಕೆ ಕೀಲಿ ಹಾಕಲಾಗಿದ್ದು, ಆಯಾ ಸಂಸ್ಥೆಯ ಸೆಟ್‌ಟಾಪ್ ಪೆಟ್ಟಿಗೆ ಮಾತ್ರ ಅದನ್ನು ತೆರೆಯುತ್ತದೆ. ಖಾಸಗಿ ಡಿಟಿಎಚ್ ಸೇವೆಗಳಿಗೂ ಇದೇ ಮಾತು ಅನ್ವಯ. ಪೆಟ್ಟಿಗೆಯ ಎಚ್‌ಡಿಎಂಐ ತಂತಿಯಿಂದ ಚಿತ್ರವನ್ನು ಸೆರೆಹಿಡಿಯೋಣವೆಂದರೆ ಅಲ್ಲಿಯೂ ನಕಲು ನಿರೋಧಕ ವ್ಯವಸ್ಥೆ ಎದುರಾಗುತ್ತದೆ.

ದೂರದರ್ಶನದ ಭೂಪ್ರಸಾರದ ಅನಲಾಗ್ ಟ್ರಾನ್ಸ್‌ಮಿಟರುಗಳ ಪೈಕಿ ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ ಅಂತ್ಯದೊಳಗೆ ಮುಚ್ಚುವುದಾಗಿ ಪ್ರಸಾರ ಭಾರತಿ ಪ್ರಕಟಿಸಿತ್ತು. ಆದ್ದರಿಂದ ಹಳೆಯ ಅನಲಾಗ್ ಕಾರ್ಡನ್ನು ಯಾರಾದರೂ ಅಗ್ಗದ ದರಕ್ಕೆ ಕೊಡಬಂದರೂ ಕೊಳ್ಳಬೇಡಿರಿ.

ಉಳಿದಿರುವ ಮುಕ್ತ ಮಾರ್ಗವೆಂದರೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಕನ್ನಡದ ಚಂದನವೂ ಇದರಲ್ಲಿ ಲಭ್ಯ. ಡಿವಿಬಿ-ಎಸ್2 ಮಾದರಿಯ ಟ್ಯೂನರ್ ಇದ್ದಲ್ಲಿ, ಕೀಲಿಯಿಲ್ಲದೆ ಪ್ರಸಾರವಾಗುವ ವಾಹಿನಿಗಳನ್ನು ಕಂಪ್ಯೂಟರಿನಲ್ಲಿ ನೇರವಾಗಿ ಪಡೆಯಬಹುದು. ಯಕ್ಷಗಾನದ ಹಾಸ್ಯಗಾರ ಮನೆತನದಿಂದ ಹೆಸರಾದ ಕರ್ಕಿಯಂಥ ಊರಿನಲ್ಲಿ, ಚಂದನದಲ್ಲಿ ಯಕ್ಷಗಾನ ಪ್ರಸಾರವಾದಾಗ ಅದನ್ನು ಮನೆಯಲ್ಲಿ ಉಳಿಸಿಕೊಳ್ಳಬಯಸುವವರಿಗೆ ಇದು ಉಪಯುಕ್ತ.

ಡಿಶ್ ಅಳವಡಿಕೆ

ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಕರ್ಕಿಯಿಂದ ಲೆಕ್ಕ ಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿರುತ್ತದೆ. ಆ ದಿಕ್ಕಿನಲ್ಲಿ ಮನೆಗೆ ತೀರ ಸಮೀಪದ ತೆಂಗಿನ ಗರಿಗಳು ಅಡ್ಡಬರದಂತೆ ನೋಡಿಕೊಳ್ಳಬೇಕು. ಈ ಪ್ರಸಾರದ ಕೆಯು ಬ್ಯಾಂಡ್ ತರಂಗಗಳು ಬಿರುಮಳೆಯಲ್ಲಿ ಕ್ಷೀಣಿಸುತ್ತವೆ. ಆಷಾಢದ ಮಳೆಯಲ್ಲಿ ರೆಕಾರ್ಡಿಂಗ್ ನಡುನಡುವೆ ತುಂಡಾಗುವುದು ಅನಿವಾರ್ಯ. ಡಿಶ್ ಸ್ವಲ್ಪ ದೊಡ್ಡದಾಗಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ. ಕಡಲಿನ ಉಪ್ಪುಗಾಳಿಗೆ ತಂತಿಯ ಕನೆಕ್ಟರುಗಳು ಬೇಗ ತುಕ್ಕು ಹಿಡಿಯುವುದರಿಂದ ಅವನ್ನು ರಬ್ಬರ್ ಟೇಪಿನಿಂದ ಮುಚ್ಚುವುದು ಲೇಸು. ಗುಡುಗು ಸಿಡಿಲಿನ ದಿನಗಳಲ್ಲಿ ಡಿಶ್ ತಂತಿಯನ್ನು ಕಂಪ್ಯೂಟರಿನಿಂದ ಕಳಚಿಡುವುದು ಕ್ಷೇಮ.

ತಂತ್ರಾಂಶದ ಆಯ್ಕೆ

ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನು ಕೈಬಿಡಲಾಯಿತು. ಈಗ ಉಚಿತವಾಗಿ ದೊರೆಯುವ ತಂತ್ರಾಂಶಗಳನ್ನು ಅವಲಂಬಿಸಬೇಕು. ಲಿನಕ್ಸ್‌ನಲ್ಲಿ ಟಿವಿಹೆಡೆಂಡ್ ಅಥವಾ ಮಿಥ್‌ಟಿವಿ, ವಿಂಡೋಸ್‌ನಲ್ಲಿ ನೆಕ್ಸ್ಟ್‌ಪಿವಿಆರ್ ಅಥವಾ ಮೀಡಿಯಾಪೋರ್ಟಲ್ ಟ್ಯೂನರನ್ನು ನಿರ್ವಹಿಸುತ್ತವೆ. 2014ರವರೆಗೆ ಎಕ್ಸ್‌ಬಿಎಂಸಿ ಎನಿಸಿಕೊಂಡಿದ್ದ ಕೋಡಿಯನ್ನು ಪರದೆಯ ಮುಖವಾಗಿ ಬಳಸಬಹುದು. ಕೋಡಿ ತಾನಾಗಿ ಟ್ಯೂನರನ್ನು ನಡೆಸುವುದಿಲ್ಲ. ಮೇಲೆ ಹೇಳಿದ ತಂತ್ರಾಂಶಗಳಲ್ಲೊಂದು ಅದರ ಹಿಂದೆ ಕೆಲಸ ಮಾಡುತ್ತಿರಬೇಕು. ಟ್ಯೂನರ್ ಕೊಳ್ಳುವಾಗ ತಾವು ಬಳಸುವ ಆಪರೇಟಿಂಗ್ ಸಿಸ್ಟಮ್‌ಗೆ ಡ್ರೈವರ್ ಲಭ್ಯವಿದೆಯೇ ಎಂದು ವಿಚಾರಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ. ಮೀಡಿಯಾ ಸೆಂಟರ್ ದೊರೆಯುತ್ತದೆಂಬ ಕಾರಣಕ್ಕೆ ವಿಂಡೋಸ್ 7 ಇರುವ ಹಳೆಯ ಯಂತ್ರವನ್ನು ಅಂತರ್ಜಾಲದಲ್ಲಿ ಬಳಸುವುದು ತರವಲ್ಲ; 2020ರ ಜನವರಿಯಲ್ಲಿಯೇ ಅದರ ಭದ್ರತಾ ಬೆಂಬಲ ಸಾಮಾನ್ಯ ಬಳಕೆದಾರರಿಗೆ ನಿಂತಿದೆ. ಅಂಗಡಿಯ ಲೆಕ್ಕಪತ್ರ, ಜಿಎಸ್‌ಟಿ ವಿವರಣಾ ಪತ್ರ ಮತ್ತು ಡಿಜಿಟಲ್ ಸಹಿ ಇರುವ ಕಂಪ್ಯೂಟರನ್ನು ಯಾವ ಕಾರಣಕ್ಕೂ ಮೀಡಿಯಾ ಸೆಂಟರ್ ಮಾಡಿಕೊಳ್ಳಬಾರದು. ಮನರಂಜನೆಯ ಯಂತ್ರ ಕೆಟ್ಟರೆ ಒಂದು ಕಾರ್ಯಕ್ರಮ ತಪ್ಪೀತು. ಲೆಕ್ಕದ ಯಂತ್ರ ಕೆಟ್ಟರೆ ವರ್ಷದ ವ್ಯವಹಾರವೇ ಅಸ್ತವ್ಯಸ್ತವಾಗುತ್ತದೆ.

ವೆಚ್ಚ ಮತ್ತು ತೆರಿಗೆ

ಸೆಕೆಂಡಿಗೆ 3 ಮೆಗಾಬಿಟ್ ವೇಗದ ಸಾಮಾನ್ಯ ವಾಹಿನಿಯ ಒಂದು ಗಂಟೆಯ ರೆಕಾರ್ಡಿಂಗ್‌ಗೆ ಸುಮಾರು 1.35 ಜಿಬಿ ಸ್ಥಳ ಬೇಕು. 1 ಟಿಬಿ ಡಿಸ್ಕಿನಲ್ಲಿ 700 ಗಂಟೆಗಳಿಗೂ ಮಿಕ್ಕಿ ಸಂಗ್ರಹಿಸಬಹುದು. ಕಾಣದ ವೆಚ್ಚವೆಂದರೆ ವಿದ್ಯುತ್ತು. ಸರಾಸರಿ 60 ವ್ಯಾಟ್ ಬಳಸುವ ಯಂತ್ರವನ್ನು ಹಗಲಿರುಳು ನಡೆಸಿದರೆ 30 ದಿನಗಳಿಗೆ ಸುಮಾರು 43 ಯೂನಿಟ್ ವ್ಯಯವಾಗುತ್ತದೆ. ರೆಕಾರ್ಡಿಂಗ್ ವೇಳೆಗೆ ಮಾತ್ರ ತಾನಾಗಿ ಎಚ್ಚರಗೊಳ್ಳುವಂತೆ ಹೊಂದಿಸಿದರೆ ಈ ಖರ್ಚು ಬಹುಪಾಲು ತಗ್ಗುತ್ತದೆ.

ವ್ಯವಹಾರಕ್ಕೆಂದು ಕೊಂಡ ಕಂಪ್ಯೂಟರನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಿ ಸವಕಳಿ ಪಡೆಯಬೇಕು. ಕಂಪ್ಯೂಟರುಗಳ ಸವಕಳಿ ದರವನ್ನು 2017-18ನೇ ಆರ್ಥಿಕ ವರ್ಷದಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಯಿತು. ಮನೆಯಲ್ಲಿ ಬಳಸುವ ಯಂತ್ರದ ಖರ್ಚನ್ನು ಅಂಗಡಿಯ ಪುಸ್ತಕಕ್ಕೆ ಹಾಕುವುದು ಸಲ್ಲದು. ದಿನವೊಂದಕ್ಕೆ 7,500 ರೂಪಾಯಿವರೆಗಿನ ಬಾಡಿಗೆಯ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇಕಡಾ 5ರ ಜಿಎಸ್‌ಟಿ ಜಾರಿಗೆ ಬಂದಿದೆ. ಆದ್ದರಿಂದ ಇಂಥ ವಸತಿಗೃಹದವರು ಖರೀದಿಯ ಮೇಲೆ ತೆತ್ತ ತೆರಿಗೆಯನ್ನೂ ಯಂತ್ರದ ಬೆಲೆಯ ಭಾಗವೆಂದೇ ತಿಳಿದು ಲೆಕ್ಕ ಹಾಕಬೇಕು.

ಕಾನೂನಿನ ಮಿತಿ

1957ರ ಹಕ್ಕುಸ್ವಾಮ್ಯ ಅಧಿನಿಯಮದ 39ನೆಯ ಕಲಮಿನಂತೆ ಸ್ವಂತ ಉಪಯೋಗಕ್ಕಾಗಿ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ 37ನೆಯ ಕಲಮಿನನ್ವಯ, ಪ್ರಸಾರ ಸಂಸ್ಥೆಯ ಅನುಮತಿಯಿಲ್ಲದೆ ಹಣ ಪಡೆದು ಸಾರ್ವಜನಿಕರಿಗೆ ಪ್ರಸಾರವನ್ನು ತೋರಿಸುವುದು ಅಥವಾ ಅದರ ಪ್ರತಿಗಳನ್ನು ಮಾರುವುದು ಹಕ್ಕಿನ ಉಲ್ಲಂಘನೆಯಾಗುತ್ತದೆ.

ಯಾರಿಗೆ ಸೂಕ್ತ?

ಒಂದು ಟ್ಯೂನರ್ ಒಮ್ಮೆಗೆ ಉಪಗ್ರಹದ ಒಂದು ಟ್ರಾನ್ಸ್‌ಪಾಂಡರನ್ನು ಮಾತ್ರ ಸ್ವೀಕರಿಸುತ್ತದೆ. ಹತ್ತು ಕೊಠಡಿಗಳ ಅತಿಥಿಗಳು ಹತ್ತು ವಾಹಿನಿಗಳನ್ನು ಬಯಸಿದರೆ ಒಂದೇ ಟ್ಯೂನರಿನಿಂದ ಪೂರೈಸಲಾಗದು. ಆದ್ದರಿಂದ ವಸತಿಗೃಹಗಳಿಗೆ ಪ್ರತಿ ಕೊಠಡಿಗೊಂದು ಸೆಟ್‌ಟಾಪ್ ಪೆಟ್ಟಿಗೆಯೇ ಸರಳ, ದುರಸ್ತಿಯೂ ಸುಲಭ. ಮನೆಯಲ್ಲಿ ಬಿಡುವಾಗಿರುವ ಕಂಪ್ಯೂಟರ್, ಫ್ರೀ ಡಿಶ್ ಮತ್ತು ಚಂದನದಂಥ ಮುಕ್ತ ವಾಹಿನಿಗಳಲ್ಲಿ ಆಸಕ್ತಿ, ಈ ಮೂರೂ ಇರುವ ಸದಸ್ಯರು ಟ್ಯೂನರ್ ಕೊಳ್ಳಬಹುದು. ಖಾಸಗಿ ಶುಲ್ಕ ವಾಹಿನಿಗಳನ್ನೇ ನೋಡುವವರು ಇದಕ್ಕೆ ಹಣ ಹೂಡದಿರುವುದು ಉತ್ತಮ. ಅವರು ತಮ್ಮ ಸೇವಾ ಸಂಸ್ಥೆಯಲ್ಲಿ ರೆಕಾರ್ಡಿಂಗ್ ಸೌಲಭ್ಯವುಳ್ಳ ಪೆಟ್ಟಿಗೆ ದೊರೆಯುವುದೇ ಎಂದು ಮೊದಲು ವಿಚಾರಿಸಲಿ.