63ನೇ ಬೀದಿಯ ನೆರೆಹೊರೆ

ಕವಿ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹತ್ತಿರದಲ್ಲೇ 63ನೇ ಬೀದಿ ಹಾದುಹೋಗುತ್ತದೆ. ಅದನ್ನು ಹಿಡಿದು ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರ್ ಸಾಗುವಷ್ಟರಲ್ಲಿ ಊರಿನ ಚಹರೆಯೇ ಬದಲಾಗುತ್ತದೆ. ಹಲಗೆ ಬಡಿದು ಮುಚ್ಚಿದ ಮನೆಗಳು, ಹುಲ್ಲು ಬೆಳೆದ ಖಾಲಿ ನಿವೇಶನಗಳು, ದಪ್ಪ ಗಾಜಿನ ಹಿಂದೆ ಕೂತು ವ್ಯಾಪಾರ ಮಾಡುವ ಮೂಲೆ ಅಂಗಡಿಗಳು ಎದುರಾಗುತ್ತವೆ. ಕಪ್ಪು ಅಮೆರಿಕನ್ನರು, ಮೆಕ್ಸಿಕೊ ಮೂಲದವರು, ಅರಬ್ಬರು ಅಕ್ಕಪಕ್ಕ ಬದುಕುವ ಈ ಮಾರ್ಕ್ವೆಟ್ ಪಾರ್ಕ್ ಪ್ರದೇಶದಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿರುವ ಸಂಸ್ಥೆ ‘ಇಮಾನ್’. ಪೂರ್ಣ ಹೆಸರು ಇನ್ನರ್-ಸಿಟಿ ಮುಸ್ಲಿಂ ಆ್ಯಕ್ಷನ್ ನೆಟ್‌ವರ್ಕ್. ಅದರ ಬಾಗಿಲು ಮುಸ್ಲಿಮರಿಗಷ್ಟೇ ತೆರೆದದ್ದಲ್ಲ.

1995ರ ಸುಮಾರಿಗೆ ಡಿಪಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಸ್ಥಳೀಯ ನಿವಾಸಿಗಳು ಸೇರಿ ಇದರ ಕನಸು ಕಂಡರು. 1997ರಲ್ಲಿ ಸಂಸ್ಥೆ ನೋಂದಣಿಯಾಯಿತು. ಅದನ್ನು ಕಟ್ಟಿ ಬೆಳೆಸಿದ ಮುಂದಾಳು ರಾಮಿ ನಶಾಶೀಬಿ. ಜೋರ್ಡಾನಿನಲ್ಲಿ ಹುಟ್ಟಿದ, ಪ್ಯಾಲೆಸ್ತೀನ್ ಮೂಲದ ಈತ ಮುಂದೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಡಾಕ್ಟರೇಟ್ ಪಡೆದರು. 2017ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಂದಿತು.

ಕಲ್ಲು ಬಿದ್ದ ಜಾಗ

ಈ ಪ್ರದೇಶಕ್ಕೆ ಒಂದು ಕಹಿ ಚರಿತ್ರೆ ಇದೆ. 1966ರ ಆಗಸ್ಟ್ 5ರಂದು ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಮೆರವಣಿಗೆ ಬಂದರು. ಬಾಡಿಗೆಗೋ ಕ್ರಯಕ್ಕೋ ಮನೆ ಕೇಳಿ ಬಂದ ಕಪ್ಪು ಜನರನ್ನು ಚರ್ಮದ ಬಣ್ಣ ನೋಡಿ ಹಿಂದಕ್ಕೆ ಕಳಿಸಬಾರದು ಎಂಬುದು ಅವರ ಬೇಡಿಕೆ. ಆಗ ಇಲ್ಲಿದ್ದವರು ಬಹುಪಾಲು ಬಿಳಿಯರು. ಗುಂಪಿನಿಂದ ತೂರಿಬಂದ ಕಲ್ಲು ಕಿಂಗ್ ತಲೆಗೆ ಬಡಿಯಿತು, ಅವರು ಮೊಣಕಾಲೂರಿ ಕುಸಿದರು. ದಕ್ಷಿಣದ ರಾಜ್ಯಗಳಲ್ಲೂ ಇಂಥ ದ್ವೇಷ ಕಂಡಿರಲಿಲ್ಲವೆಂದು ಆಮೇಲೆ ನೊಂದು ಹೇಳಿದರು. ವಸತಿಯಲ್ಲಿ ತಾರತಮ್ಯ ನಿಷೇಧಿಸುವ ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಅವರ ಹತ್ಯೆಯಾದ ಒಂದು ವಾರಕ್ಕೆ.

ಕ್ರಮೇಣ ಬಿಳಿಯರು ಬೇರೆಡೆಗೆ ಹೊರಟರು, ಕಪ್ಪು ಮತ್ತು ವಲಸಿಗ ಕುಟುಂಬಗಳು ಬಂದವು. 63ನೇ ಬೀದಿಯ ಆಸುಪಾಸು ಪ್ಯಾಲೆಸ್ತೀನಿಯರ ನೆಲೆಯಾಯಿತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಅವರಲ್ಲೂ ಹಲವರು ಬ್ರಿಡ್ಜ್‌ವ್ಯೂನಂಥ ಹೊರವಲಯದ ಊರುಗಳಿಗೆ ಮನೆ ಬದಲಿಸಿದರು. ಅಂಗಡಿಗಳು ಮಾತ್ರ ಬಡವರ ಕೇರಿಯಲ್ಲೇ ಉಳಿದವು.

ಅಂಗಡಿಯಿಂದ ಶುರುವಾದ ಪ್ರಶ್ನೆ

ಇಮಾನ್‌ನ ಕೆಲಸದ ತಿರುಳು ಇರುವುದು ಇಲ್ಲಿ. ಶಿಕಾಗೊ ದಕ್ಷಿಣ ಭಾಗದ ಕಪ್ಪು ಕೇರಿಗಳ ಎಷ್ಟೋ ಮೂಲೆ ಅಂಗಡಿಗಳು ಅರಬ್ ಮುಸ್ಲಿಮರ ಕೈಯಲ್ಲಿವೆ. ಅಲ್ಲಿ ಸಿಗುವುದು ಚಿಪ್ಸು, ಸಿಗರೇಟು, ಲಾಟರಿ ಚೀಟಿ. ಹಲವು ಕಡೆ ಮದ್ಯವೂ ಉಂಟು. ಧರ್ಮ ಬೇಡವೆಂದ ಸರಕನ್ನು ಮಾರಿ, ಸಂಜೆಗೆ ಗಲ್ಲಾಪೆಟ್ಟಿಗೆ ಎಣಿಸಿಕೊಂಡು ದೂರದ ಮನೆಗೆ ಹೋಗುವ ಮಾಲೀಕ ಒಂದು ಕಡೆ. ಸೇಬು, ಟೊಮೆಟೊ ಬೇಕೆಂದರೆ ಬಸ್ಸು ಹತ್ತಬೇಕಾದ ಗಿರಾಕಿ ಇನ್ನೊಂದು ಕಡೆ. ಇಬ್ಬರ ನಡುವೆ ಗುಂಡು ತೂರದ ಗಾಜು.

ಈ ಅಂಗಡಿಗಳ ಮೇಲಿನ ಸಿಟ್ಟನ್ನು ಇಮಾನ್ ಮುಚ್ಚಿಡಲಿಲ್ಲ, ನಮ್ಮವರು ಎಂದು ವಕಾಲತ್ತನ್ನೂ ವಹಿಸಲಿಲ್ಲ. ಮಾಲೀಕರನ್ನೂ ನಿವಾಸಿಗಳನ್ನೂ ಎದುರುಬದುರು ಕೂರಿಸಿತು. ತಾಜಾ ಹಣ್ಣು ತರಕಾರಿ ಇಡಿ, ಗಿರಾಕಿಯನ್ನು ಕಳ್ಳನಂತೆ ನೋಡಬೇಡಿ, ಕೇರಿಯ ಹುಡುಗರ ಹೆಸರು ತಿಳಿದುಕೊಳ್ಳಿ ಎಂಬ ದಿಕ್ಕಿನಲ್ಲಿ ಅಭಿಯಾನ ನಡೆಸಿತು. ಒಪ್ಪಿದವರೂ ಇದ್ದಾರೆ, ಲಾಭ ಕಡಿಮೆಯೆಂದು ಬಿಟ್ಟವರೂ ಇದ್ದಾರೆ.

ಇದರ ಹಿಂದೆ ಶಿಕಾಗೊದ್ದೇ ಆದ ಇನ್ನೊಂದು ಕಾರಣವಿದೆ. ಈ ನಗರದಲ್ಲಿ ಇಸ್ಲಾಂ ಎಂದರೆ ಬರೀ ವಲಸಿಗರ ಧರ್ಮವಲ್ಲ. ಎಲೈಜಾ ಮುಹಮ್ಮದರ ಮುಂದಾಳತ್ವದ ಕಪ್ಪು ಅಮೆರಿಕನ್ನರ ಸಂಘಟನೆ ‘ನೇಷನ್ ಆಫ್ ಇಸ್ಲಾಂ’ನ ಕೇಂದ್ರ ಇದ್ದದ್ದು ಇಲ್ಲೇ. 1975ರಲ್ಲಿ ಅವರು ತೀರಿಕೊಂಡ ಮೇಲೆ ಮಗ ವಾರಿತ್ ದೀನ್ ಮುಹಮ್ಮದ್ ಅನುಯಾಯಿಗಳಲ್ಲಿ ಬಹುಮಂದಿಯನ್ನು ಸುನ್ನಿ ಪರಂಪರೆಯತ್ತ ಕರೆದೊಯ್ದರು. ಹೀಗೆ ಕಪ್ಪು ಮುಸ್ಲಿಮರು ಮತ್ತು ವಲಸಿಗ ಮುಸ್ಲಿಮರು ಒಂದೇ ದಿಕ್ಕಿಗೆ ಮುಖ ಮಾಡಿ ನಮಾಜು ಮಾಡಿದರೂ ಒಬ್ಬರ ಬೀದಿಗೆ ಇನ್ನೊಬ್ಬರು ನೆಂಟರಾಗಿರಲಿಲ್ಲ. ಈ ಬಿರುಕಿಗೆ ಸೇತುವೆ ಕಟ್ಟಲು ಇಮಾನ್ ಆರಿಸಿಕೊಂಡದ್ದು ಕಲೆಯನ್ನು. ‘ಟೇಕಿನ್ ಇಟ್ ಟು ದ ಸ್ಟ್ರೀಟ್ಸ್’ ಎಂಬ ಅದರ ಬೀದಿ ಉತ್ಸವದಲ್ಲಿ ಹಿಪ್‌ಹಾಪ್ ಹಾಡುಗಾರರೂ ಧಾರ್ಮಿಕ ಮುಖಂಡರೂ ಒಂದೇ ಉದ್ಯಾನದಲ್ಲಿ ಸೇರುತ್ತಾರೆ.

ಜೈಲಿನಿಂದ ಮನೆಗೆ

ಗುಂಪು ಹೊಡೆದಾಟ, ಬಂದೂಕು, ಮಾದಕವಸ್ತುಗಳ ಸೆಳೆತಕ್ಕೆ ಸಿಕ್ಕ ತರುಣರು ಇಲ್ಲಿ ಕಡಿಮೆಯಿಲ್ಲ. ಜೈಲಿನಿಂದ ಬಿಡುಗಡೆಯಾದವನಿಗೆ ಕೆಲಸ ಸಿಗದು, ಬಾಡಿಗೆ ಮನೆಯೂ ಸಿಗದು. ಹಳೆಯ ಗೆಳೆಯರು ಮಾತ್ರ ಕಾದಿರುತ್ತಾರೆ. 2008ರ ಆರ್ಥಿಕ ಕುಸಿತದಲ್ಲಿ ಸಾಲ ತೀರಿಸಲಾಗದೆ ಜನ ಬಿಟ್ಟುಹೋದ ಮನೆಗಳು ಅದೇ ಬೀದಿಗಳಲ್ಲಿ ಪಾಳುಬಿದ್ದಿದ್ದವು. ಇಮಾನ್‌ನ ‘ಗ್ರೀನ್ ರೀಎಂಟ್ರಿ’ ಯೋಜನೆ ಈ ಎರಡು ಕಷ್ಟಗಳನ್ನು ಒಟ್ಟಿಗೆ ಹಿಡಿಯಿತು. ಜೈಲಿನಿಂದ ಮರಳಿದವರು ಮತ್ತು ದಾರಿ ತಪ್ಪುವ ಅಂಚಿನಲ್ಲಿರುವ ತರುಣರು ಬಡಗಿ ಕೆಲಸ, ವೈರಿಂಗ್‌ನಂಥ ಕಸುಬುಗಳನ್ನು ಕಲಿತು, ಆ ಪಾಳು ಮನೆಗಳನ್ನೇ ವಿದ್ಯುತ್ ಉಳಿಸುವಂತೆ ದುರಸ್ತಿ ಮಾಡುತ್ತಾರೆ. ಕಲಿಯುವಾಗ ಭತ್ಯೆ ಉಂಟು, ಜೊತೆಗೆ ಆಪ್ತಸಮಾಲೋಚನೆ. ಹಿಂದೊಮ್ಮೆ ಯಾವ ಬೀದಿ ಅವನನ್ನು ಕಂಡು ಹೆದರುತ್ತಿತ್ತೋ ಅದೇ ಬೀದಿಯಲ್ಲಿ ಅವನೀಗ ಮನೆ ನಿಲ್ಲಿಸುತ್ತಾನೆ.

ಸ್ವಯಂಸೇವಕ ವೈದ್ಯರು ನಡೆಸುತ್ತಿದ್ದ ಉಚಿತ ದವಾಖಾನೆ ಈಗ ಮಾನಸಿಕ ಆರೋಗ್ಯ ಸೇವೆಯೂ ಇರುವ ಸಮುದಾಯ ಆರೋಗ್ಯ ಕೇಂದ್ರವಾಗಿದೆ. 2016ರಲ್ಲಿ, ಕಿಂಗ್ ಮೇಲೆ ಕಲ್ಲು ಬಿದ್ದು ಐವತ್ತು ವರ್ಷ ತುಂಬಿದಾಗ, ಮಾರ್ಕ್ವೆಟ್ ಪಾರ್ಕಿನಲ್ಲಿ ಅವರ ಸ್ಮಾರಕ ಎದ್ದದ್ದು ಇಮಾನ್‌ನ ಮುಂದಾಳತ್ವದಲ್ಲಿ. ಅದೇ ವರ್ಷ ಅಟ್ಲಾಂಟಾದಲ್ಲೂ ಶಾಖೆ ತೆರೆಯಿತು.

2022ರಲ್ಲಿ ಶಿಕಾಗೊದ ಎಂಗಲ್‌ವುಡ್ ಎಂಬ ಪ್ರದೇಶದಲ್ಲಿ, ಅದೇ 63ನೇ ಬೀದಿಯ ಮೇಲೆ, ತಾಜಾ ಹಣ್ಣು ತರಕಾರಿಯ ಅಂಗಡಿಯನ್ನು ಇಮಾನ್ ತಾನೇ ಆರಂಭಿಸಿತು. ಆ ಪ್ರದೇಶದಲ್ಲಿ 2016ರಿಂದ ಮಳಿಗೆ ಇಟ್ಟುಕೊಂಡಿದ್ದ ಹೋಲ್ ಫುಡ್ಸ್ ಎಂಬ ದೊಡ್ಡ ಕಂಪನಿ ಬಾಗಿಲು ಹಾಕಿಕೊಂಡದ್ದೂ ಅದೇ ವರ್ಷವೇ.

ಒಂದು ಸಂಸ್ಥೆಯಿಂದ ಶಿಕಾಗೊದ ಗುಂಡಿನ ಸದ್ದು ನಿಲ್ಲದು, ಮೂಲೆ ಅಂಗಡಿಗಳೆಲ್ಲ ಬದಲಾಗವು. ಆದರೆ ವಲಸಿಗರ ಸಂಘಗಳು ಸಾಮಾನ್ಯವಾಗಿ ತಮ್ಮ ಮಕ್ಕಳ ಭಾಷೆ, ಹಬ್ಬ, ಮದುವೆಗಳಲ್ಲೇ ಮುಗಿದುಹೋಗುತ್ತವೆ. ಇಮಾನ್ ತನ್ನವರ ಸಂಪಾದನೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ಕೇಳಿತು. ಆ ಕೇರಿಯ ಮಕ್ಕಳನ್ನು ತನ್ನ ಮಕ್ಕಳೆಂದು ಎಣಿಸಿತು. ಪರದೇಶದಲ್ಲಿ ಬೇರೂರಿದ ಯಾವ ಸಮುದಾಯವೂ, ನಮ್ಮ ಕನ್ನಡ ಕೂಟಗಳೂ ಸೇರಿ, ಈ ಸಂಸ್ಥೆಯಿಂದ ಕಲಿಯಬೇಕಾದದ್ದು ಇಷ್ಟು: ಅನ್ನ ಕೊಟ್ಟ ಬೀದಿಯ ಋಣ ದಾನದಿಂದ ತೀರುವುದಿಲ್ಲ, ಆ ಬೀದಿಯವರ ಜೊತೆ ಕೂತು ಕೆಲಸ ಮಾಡಿದರೆ ತೀರುತ್ತದೆ.