ಸೆರಗು ಕೂಡಿಸುವ ಜಾಣ್ಮೆ

ಉದ್ದನೆಯ ಹಾಸು ಹೂಡಿ, ಒಂದರ ಹಿಂದೊಂದರಂತೆ ಹಲವು ಸೀರೆ ನೇಯುವುದು ಮಗ್ಗದ ಲೋಕದಲ್ಲಿ ಸಾಮಾನ್ಯ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ನೇಕಾರನಿಗೆ ಈ ಅನುಕೂಲವಿಲ್ಲ. ಅಲ್ಲಿನ ಸಾಂಪ್ರದಾಯಿಕ ಸೀರೆ ಒಂದೊಂದಕ್ಕೂ ಬೇರೆ ಬೇರೆ ಹಾಸು ಬೇಕು. ಇದಕ್ಕೆ ಕಾರಣ ಅದರ ಸೆರಗು.

ಇಳಕಲ್ ಸೀರೆಯ ಒಡಲು ಹೆಚ್ಚಾಗಿ ಹತ್ತಿಯದು. ಸೆರಗು ರೇಷ್ಮೆಯದು, ಇಲ್ಲವೇ ಕೃತಕ ರೇಷ್ಮೆಯದು. ಬಿಸಿಲು ನಾಡಿನ ದುಡಿಮೆಗೆ ಹತ್ತಿ ಹಿತ. ತಲೆಯ ಮೇಲೆ ಹೊದ್ದು ನಾಲ್ವರ ಕಣ್ಣಿಗೆ ಬೀಳುವ ಸೆರಗಿಗೆ ಕೆಂಪು ರೇಷ್ಮೆಯ ಹೊಳಪು ಚೆಂದ. ಆದರೆ ಇವೆರಡನ್ನೂ ಸೂಜಿಯಿಂದ ಹೊಲಿಯುವುದಿಲ್ಲ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಲ್ಲಿ ಕುಣಿಕೆ ಕುಣಿಕೆಯಾಗಿ ಸಿಲುಕಿಸಿ ಕೂಡಿಸುತ್ತಾರೆ. ಇದೇ ‘ತೋಪುತೆನಿ’. ಹೊಕ್ಕಿನ ನೂಲಿಗೆ 3 ಲಾಳಿ ಬಳಸುವ ಕ್ರಮಕ್ಕೆ ‘ಕೊಂಡಿ’ ಎಂದು ಹೆಸರು. ಕೆಂಪು ಸೆರಗಿನಲ್ಲಿ ಬಿಳಿಯ ವಿನ್ಯಾಸ ಮೂಡುತ್ತದೆ: ಹಣಿಗೆಯ ಹಲ್ಲು, ಕೋಟೆಯ ಗೋಡೆ, ಜೋಳದ ತೆನೆ, ಬೆಟ್ಟದ ಸಾಲು. ಸುತ್ತಲಿನ ಬದುಕೇ ಸೆರಗಿಗೆ ಇಳಿದಂತೆ.

ಹೀಗೆ ಸೀರೆಯ ಉದ್ದ ಹಾಸು ಹೂಡುವಾಗಲೇ ನಿಗದಿಯಾಗುತ್ತದೆ. ಹಿಂದೆ 8 ಅಥವಾ 9 ಗಜ, ಅಂದರೆ 16 ಇಲ್ಲವೇ 18 ಮೊಳದ ಸೀರೆಗೆ ಬೇಡಿಕೆಯಿತ್ತು. ನಿರಿಗೆಯನ್ನು ಕಾಲ ನಡುವೆ ಹಾಯಿಸಿ ಬೆನ್ನ ಹಿಂದೆ ಸಿಕ್ಕಿಸುವ ಕಚ್ಚೆಗೆ ಅಷ್ಟು ಅರಿವೆ ಬೇಕು. ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಆ ಉಡುಗೆಯಲ್ಲಿ ಕಾಲು ಸಲೀಸಾಗಿ ಆಡುತ್ತದೆ. ಕಚ್ಚೆ ಉಡುವವರು ಕಡಿಮೆಯಾದಂತೆ 6 ಗಜದ ಸೀರೆ ಹೆಚ್ಚಿತು. ಉದ್ದ ತಗ್ಗಿತಾದರೂ ಸೆರಗು ಕೂಡಿಸುವ ಶ್ರಮ ತಗ್ಗಲಿಲ್ಲ.

ತೊಡಕು ಇರುವುದೂ ಅಲ್ಲಿಯೇ. ವಿದ್ಯುತ್ ಮಗ್ಗ ಒಂದೇ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ಇಳಿಸುತ್ತದೆ. ಕುಣಿಕೆ ಹಾಕುವ ಗೋಜು ಅದಕ್ಕಿಲ್ಲ. ದೂರದಿಂದ ನೋಡಿದರೆ ಬಣ್ಣವೂ ದಡಿಯೂ ಇಳಕಲ್ಲಿನವೇ. ಬೆಲೆ ಮಾತ್ರ ಕಡಿಮೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆಯಾದರೂ, ಅಂಗಡಿಯಲ್ಲಿ ಕೊನೆಯ ತೀರ್ಮಾನ ಕೊಳ್ಳುವವರದೇ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆಳಕಿಗೆ ಹಿಡಿಯಬೇಕು. ಒಡಲಿನ ಬಣ್ಣದ ಉದ್ದೆಳೆಗಳು ಅಲ್ಲಿಗೇ ನಿಂತು, ಕೆಂಪು ಎಳೆಗಳು ಮುಂದುವರಿದಿದ್ದರೆ ಅದು ಕೂಡಿಸಿದ ಸೆರಗು. ಒಡಲಿನ ಎಳೆಗಳೇ ಸೆರಗಿನೊಳಗೂ ಹರಿದು ಕೆಂಪನ್ನು ಮಂಕಾಗಿಸಿದ್ದರೆ ಅದು ಒಂದೇ ಹಾಸಿನ ನೇಯ್ಗೆ. ಆ ಒಂದು ಗೆರೆಯನ್ನು ನೋಡಿ ಕೊಳ್ಳುವವರು ಇರುವವರೆಗೆ, ಅದನ್ನು ಕೂಡಿಸುವ ಕೈಗಳಿಗೂ ಕೆಲಸವಿರುತ್ತದೆ.